ಹ್ವಾಸಂಗ್ ಕೊಲೆಗಳು: ಒಂದು ಚಲನಚಿತ್ರ ಮತ್ತು ಪ್ರೇಕ್ಷಕರ ಬದಲಾದ ತೀರ್ಪು

ನಿಜವಾಗಿ ನಡೆದ ಸರಣಿ ಕೊಲೆಗಳನ್ನು ಆಧರಿಸಿದ ಚಲನಚಿತ್ರವೊಂದರ ಬಗ್ಗೆ ಪ್ರೇಕ್ಷಕರು ತಳೆಯುವ ಅಭಿಪ್ರಾಯದಲ್ಲಿ ಆ ಚಿತ್ರದ ಗುಣದೋಷಗಳ ಜೊತೆಗೆ, ಆ ಕೊಲೆಗಳ ಬಗ್ಗೆ ಸಮಾಜಕ್ಕೆ ಅದುವರೆಗೆ ತಿಳಿದಿರುವ ಸತ್ಯದ ಪ್ರಮಾಣವೂ ಸೇರಿಕೊಂಡಿರುತ್ತದೆ. ಆದ್ದರಿಂದ ಸತ್ಯ ಹೊರಬಂದಂತೆಲ್ಲ ಚಿತ್ರದ ಅರ್ಥವೂ ಬದಲಾಗುತ್ತ ಹೋಗುತ್ತದೆ. ದಕ್ಷಿಣ ಕೊರಿಯಾದ ನಿರ್ದೇಶಕ ಬಾಂಗ್ ಜೂನ್-ಹೋ 2003ರಲ್ಲಿ ತೆರೆಗೆ ತಂದ ‘ಮೆಮೊರೀಸ್ ಆಫ್ ಮರ್ಡರ್’ ಚಿತ್ರಕ್ಕೆ ಆ ದೇಶದ ಪ್ರೇಕ್ಷಕರು ಕೊಟ್ಟ ಪ್ರತಿಕ್ರಿಯೆಯ ಚರಿತ್ರೆ ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ಚಿತ್ರಕ್ಕೆ ಆಧಾರವಾದ ಘಟನೆಗಳು ನಡೆದದ್ದು ರಾಜಧಾನಿ ಸೋಲ್‌ನ ದಕ್ಷಿಣಕ್ಕಿರುವ, ಅಂದು ಹೊಲಗದ್ದೆಗಳಿಂದ ಕೂಡಿದ್ದ ಹ್ವಾಸಂಗ್ ಎಂಬ ಪ್ರದೇಶದಲ್ಲಿ. 1986ರ ಸೆಪ್ಟೆಂಬರ್‌ನಿಂದ 1991ರ ಏಪ್ರಿಲ್‌ವರೆಗಿನ ಅವಧಿಯಲ್ಲಿ ಅಲ್ಲಿ ಶಾಲಾ ಬಾಲಕಿಯಿಂದ ಹಿಡಿದು 70 ದಾಟಿದ ವೃದ್ಧೆಯವರೆಗೆ ಹತ್ತು ಮಂದಿ ಹೆಣ್ಣುಮಕ್ಕಳು ಕೊಲೆಯಾದರು. ತನಿಖೆಗೆ ನಿಯೋಜಿತರಾದ ಪೊಲೀಸರ ದುಡಿಮೆಯ ದಿನಗಳನ್ನು ಕೂಡಿಸಿದರೆ 20 ಲಕ್ಷ ಮಾನವದಿನಗಳನ್ನು ಮೀರುತ್ತದೆ. ಸಂಶಯಕ್ಕೆ ಒಳಗಾಗಿ ವಿಚಾರಣೆ ಎದುರಿಸಿದವರ ಸಂಖ್ಯೆ 21,000ಕ್ಕೂ ಹೆಚ್ಚು. ಇಷ್ಟೆಲ್ಲ ನಡೆದರೂ ಒಂದು ಪ್ರಕರಣವನ್ನು ಬಿಟ್ಟು ಉಳಿದವು ಬಗೆಹರಿಯದೆ ಉಳಿದವು. ಬಗೆಹರಿಯಿತೆಂದು ಹೇಳಲಾದ ಆ ಒಂದು ಪ್ರಕರಣ 1988ರಲ್ಲಿ ನಡೆದ ಎಂಟನೆಯ ಕೊಲೆ. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ, ಕೃಷಿ ಯಂತ್ರಗಳ ದುರಸ್ತಿ ಮಾಡುತ್ತಿದ್ದ ಯುವಕನೊಬ್ಬನಿಗೆ ಅದರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆ ವರ್ಷಗಳ ರಾಜಕೀಯ ಸ್ಥಿತಿಯನ್ನು ಗಮನಿಸದೆ ಈ ಪ್ರಕರಣವನ್ನಾಗಲಿ ಚಿತ್ರವನ್ನಾಗಲಿ ಅರ್ಥಮಾಡಿಕೊಳ್ಳಲಾಗದು. ಮೊದಲ ಕೊಲೆ ನಡೆದಾಗ ದೇಶ ಸೇನಾಧಿಕಾರಿ ಚುನ್ ದೂ-ಹ್ವಾನ್‌ನ ಆಳ್ವಿಕೆಯಲ್ಲಿತ್ತು. 1987ರ ಜನವರಿಯಲ್ಲಿ ಪೊಲೀಸ್ ಚಿತ್ರಹಿಂಸೆಗೆ ವಿದ್ಯಾರ್ಥಿಯೊಬ್ಬ ಬಲಿಯಾದದ್ದು ಜನರನ್ನು ಕೆರಳಿಸಿತು. ಅದೇ ವರ್ಷದ ಜೂನ್‌ನಲ್ಲಿ ಬೀದಿಗಿಳಿದ ಜನಸಾಗರಕ್ಕೆ ಮಣಿದ ಸರ್ಕಾರ ಅಧ್ಯಕ್ಷರ ನೇರ ಚುನಾವಣೆಗೆ ಒಪ್ಪಿಕೊಳ್ಳಬೇಕಾಯಿತು. ಪ್ರತಿಭಟನಕಾರರನ್ನು ಚದುರಿಸುವುದೇ ಪೊಲೀಸರ ಮುಖ್ಯ ಕೆಲಸವಾಗಿದ್ದ, ಆರೋಪಿಯನ್ನು ಹೊಡೆದು ತಪ್ಪೊಪ್ಪಿಗೆ ಪಡೆಯುವುದೇ ತನಿಖೆಯೆನಿಸಿಕೊಂಡಿದ್ದ ಕಾಲ ಅದು.

ಈ ವಸ್ತುವನ್ನು ಮೊದಲು ಕೈಗೆತ್ತಿಕೊಂಡದ್ದು ರಂಗಭೂಮಿ. ಕಿಮ್ ಕ್ವಾಂಗ್-ರಿಮ್ ಅವರ ನಾಟಕ 1996ರಲ್ಲಿ ರಂಗಕ್ಕೆ ಬಂದಿತು. ಅದನ್ನು ಆಧರಿಸಿ ಬಾಂಗ್ ಚಿತ್ರಕಥೆ ರಚಿಸಿದರು. ಕಣ್ಣೋಟದಿಂದಲೇ ಅಪರಾಧಿಯನ್ನು ಗುರುತಿಸಬಲ್ಲೆನೆಂದು ನಂಬಿದ ಹಳ್ಳಿಯ ಪತ್ತೇದಾರನಾಗಿ ಸಾಂಗ್ ಕಾಂಗ್-ಹೋ, ದಾಖಲೆಗಳಲ್ಲಿ ಮಾತ್ರ ನಂಬಿಕೆಯಿಟ್ಟು ಸೋಲ್‌ನಿಂದ ಬಂದ ಪತ್ತೇದಾರನಾಗಿ ಕಿಮ್ ಸಾಂಗ್-ಕ್ಯಂಗ್ ಅಭಿನಯಿಸಿದರು. ಕೊನೆಯವರೆಗೂ ಕೊಲೆಗಾರ ಸಿಗದ ಈ ಚಿತ್ರವನ್ನು ನೋಡಲು 50 ಲಕ್ಷಕ್ಕೂ ಹೆಚ್ಚು ಜನ ಚಿತ್ರಮಂದಿರಗಳಿಗೆ ಬಂದರು. ಸ್ಪೇನ್‌ನ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಬಾಂಗ್ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಗೆ ಪಾತ್ರರಾದರು. ಮುಂದೆ ಅಮೆರಿಕದ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ತಮ್ಮ ಮೆಚ್ಚಿನ ಚಿತ್ರಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದರು.

ಪತ್ತೇದಾರಿ ಚಿತ್ರವೆಂದರೆ ಕೊನೆಗೆ ಅಪರಾಧಿ ಸಿಕ್ಕಿಬೀಳಲೇಬೇಕೆಂಬ ನಿರೀಕ್ಷೆ ಮುರಿದರೂ ಅಂದಿನ ಪ್ರೇಕ್ಷಕರು ಅದನ್ನು ಒಪ್ಪಿಕೊಂಡದ್ದಕ್ಕೆ ಕಾರಣ, ಅವರಲ್ಲಿ ಬಹುಪಾಲು ಜನ ಸ್ವತಃ ಆ ದಶಕವನ್ನು ಬದುಕಿ ಬಂದವರಾಗಿದ್ದರು. 1960ರ ದಶಕದಲ್ಲಿ ಹುಟ್ಟಿ, ಎಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತ ಸರ್ವಾಧಿಕಾರದ ವಿರುದ್ಧ ಹೋರಾಡಿದವರನ್ನು ಕೊರಿಯಾದಲ್ಲಿ ‘386 ಪೀಳಿಗೆ’ ಎಂದು ಕರೆಯುತ್ತಾರೆ. ಯುದ್ಧಭೀತಿಯ ಹೆಸರಿನಲ್ಲಿ ಊರಿನ ದೀಪಗಳನ್ನೆಲ್ಲ ಆರಿಸುವ ನಾಗರಿಕ ರಕ್ಷಣಾ ತಾಲೀಮು, ಕಾವಲಿಗೆ ಬೇಕಾದ ಪೊಲೀಸ್ ತುಕಡಿಗಳು ಪ್ರತಿಭಟನೆ ಹತ್ತಿಕ್ಕಲು ಹೋಗಿರುವ ಸನ್ನಿವೇಶ ಇವುಗಳನ್ನು ತೆರೆಯ ಮೇಲೆ ಕಂಡ ಆ ಪೀಳಿಗೆ, ಪ್ರಜೆಗಳನ್ನು ಬಡಿಯಲು ಸದಾ ಸಿದ್ಧವಿದ್ದು ಅವರನ್ನು ಕಾಯಲಾಗದೆ ಹೋದ ಪ್ರಭುತ್ವದ ಚಿತ್ರವನ್ನು ಅಲ್ಲಿ ಗುರುತಿಸಿತು. ಕೊನೆಯ ದೃಶ್ಯದಲ್ಲಿ ಸಾಂಗ್ ಕಾಂಗ್-ಹೋ ನೇರವಾಗಿ ಕ್ಯಾಮೆರಾವನ್ನು ದಿಟ್ಟಿಸುವುದಕ್ಕೆ, ಕೊಲೆಗಾರನೂ ಪ್ರೇಕ್ಷಕರ ನಡುವೆ ಕುಳಿತಿರಬಹುದೆಂಬ ಆಲೋಚನೆಯೇ ಕಾರಣವೆಂದು ನಿರ್ದೇಶಕರು ವಿವರಿಸಿದ್ದರು.

ಆದರೆ ಕಾನೂನಿನ ಗಡಿಯಾರ ಕೊಲೆಗಾರನ ಪರವಾಗಿತ್ತು. ಅಪರಾಧ ನಡೆದು ನಿರ್ದಿಷ್ಟ ವರ್ಷಗಳು ಕಳೆದ ಮೇಲೆ ಮೊಕದ್ದಮೆ ಹೂಡಲು ಅವಕಾಶವಿಲ್ಲವೆನ್ನುವ ‘ಕಾಲಮಿತಿ’ಯ ನಿಯಮದಂತೆ ಕೊಲೆಗೆ ಅಂದು 15 ವರ್ಷಗಳ ಮಿತಿಯಿತ್ತು, ಹ್ವಾಸಂಗ್‌ನ ಕೊನೆಯ ಕೊಲೆಯ ಅವಧಿ 2006ರ ಏಪ್ರಿಲ್‌ಗೆ ಮುಗಿದುಹೋಯಿತು. ಮುಂದೆ ಈ ಮಿತಿಯನ್ನು 25 ವರ್ಷಗಳಿಗೆ ಏರಿಸಿ, 2015ರಲ್ಲಿ ಕೊಲೆ ಪ್ರಕರಣಗಳಿಗೆ ಪೂರ್ತಿಯಾಗಿ ರದ್ದುಮಾಡಿದರೂ, ಅಷ್ಟರೊಳಗೆ ಅವಧಿ ಮೀರಿದ್ದ ಪ್ರಕರಣಗಳಿಗೆ ಆ ತಿದ್ದುಪಡಿ ಅನ್ವಯಿಸಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ, ಕಾಪಿಟ್ಟಿದ್ದ ಸಾಕ್ಷ್ಯವಸ್ತುಗಳ ಡಿಎನ್‌ಎ ಪರೀಕ್ಷೆಯಿಂದ ಲೀ ಚುನ್-ಜೇ ಎಂಬಾತನ ಹೆಸರು ಹೊರಬಿತ್ತು. ನಾದಿನಿಯನ್ನು ಕೊಂದ ಅಪರಾಧಕ್ಕಾಗಿ ಆತ 1994ರಿಂದಲೇ ಸೆರೆಮನೆಯಲ್ಲಿದ್ದ. ಹ್ವಾಸಂಗ್‌ನ ಹತ್ತೂ ಕೊಲೆಗಳನ್ನು ಒಳಗೊಂಡಂತೆ 14 ಕೊಲೆಗಳನ್ನು ಆತ ಒಪ್ಪಿಕೊಂಡ. ಕೊಲೆಗಾರನ ರಕ್ತದ ಗುಂಪು ‘ಬಿ’ ಎಂದು ಪೊಲೀಸರು ವರ್ಷಗಟ್ಟಲೆ ನಂಬಿದ್ದರು. ಲೀಯ ರಕ್ತದ ಗುಂಪು ‘ಒ’ ಆಗಿತ್ತು. ಚಿತ್ರವನ್ನು ನೋಡಿದ್ದಾಗಿಯೂ, ಅದರಿಂದ ತನ್ನಲ್ಲಿ ಯಾವ ಭಾವನೆಯೂ ಹುಟ್ಟಲಿಲ್ಲವೆಂದೂ ಆತ 2020ರಲ್ಲಿ ನ್ಯಾಯಾಲಯದ ಮುಂದೆ ಹೇಳಿದ.

ಎಂಟನೆಯ ಕೊಲೆಯನ್ನೂ ತಾನೇ ಮಾಡಿದ್ದೆಂದು ಆತ ಒಪ್ಪಿಕೊಂಡದ್ದರಿಂದ, ಸುಮಾರು 20 ವರ್ಷ ಸೆರೆಯಲ್ಲಿ ಕಳೆದು 2009ರಲ್ಲಿ ಬಿಡುಗಡೆಯಾಗಿದ್ದ ಆ ಅಂಗವಿಕಲನ ಪ್ರಕರಣ ಮರುವಿಚಾರಣೆಗೆ ಬಂದಿತು. ಅಕ್ರಮ ಬಂಧನ ಮತ್ತು ಹಿಂಸೆಯ ಮೂಲಕ ಪಡೆದ ತಪ್ಪೊಪ್ಪಿಗೆಯನ್ನು ನಂಬಲಾಗದು, ಕೂದಲಿನ ವೈಜ್ಞಾನಿಕ ವಿಶ್ಲೇಷಣೆಯ ವರದಿಯೂ ದೋಷಪೂರಿತ ಎಂದು ತೀರ್ಮಾನಿಸಿದ ಸುವಾನ್ ಜಿಲ್ಲಾ ನ್ಯಾಯಾಲಯ 2020ರ ಡಿಸೆಂಬರ್ 17ರಂದು ಆತನನ್ನು ನಿರಪರಾಧಿಯೆಂದು ಘೋಷಿಸಿತು. 1989ರಲ್ಲಿ ಕಾಣೆಯಾಗಿದ್ದ ಶಾಲಾ ಬಾಲಕಿಯೊಬ್ಬಳ ಅವಶೇಷಗಳು ಸಿಕ್ಕಿದ್ದರೂ ಅಂದಿನ ಪೊಲೀಸರು ಅದನ್ನು ಮುಚ್ಚಿಟ್ಟಿದ್ದರೆಂಬುದೂ 2019ರಲ್ಲಿ ಬಯಲಾಗಿತ್ತು.

ಈ ಸಂಗತಿಗಳ ಬೆಳಕಿನಲ್ಲಿ ಚಿತ್ರವನ್ನು ಮತ್ತೆ ನೋಡಿದಾಗ ಅದರ ಎರಡು ನೆಲೆಗಳು ಬದಲಾಗುತ್ತವೆ. ಬುದ್ಧಿಮಾಂದ್ಯ ಯುವಕನೊಬ್ಬನನ್ನು ಹೊಡೆದು ಅವನ ಬಾಯಲ್ಲಿ ತಪ್ಪೊಪ್ಪಿಗೆ ಹೇಳಿಸುವ, 2003ರಲ್ಲಿ ನಗು ಹುಟ್ಟಿಸುವಂತೆ ಕಟ್ಟಲಾಗಿದ್ದ ದೃಶ್ಯಗಳು ಈಗ ನಿಜಜೀವನದ ದೋಷಾರೋಪಣೆಯಂತೆ ಕಾಣುತ್ತವೆ. ಪತ್ತೇದಾರರ ಮುಷ್ಟಿಗಿಂತ ಪ್ರಯೋಗಾಲಯದ ಕಾಗದ ಹೆಚ್ಚು ನಂಬಿಕೆಗೆ ಯೋಗ್ಯವೆಂದು ಚಿತ್ರ ಹಿಡಿದಿದ್ದ ಆಸೆಯೂ ಅಲುಗುತ್ತದೆ. ಏಕೆಂದರೆ ನಿರಪರಾಧಿಯನ್ನು ಸೆರೆಗೆ ತಳ್ಳಿದ ಸಾಕ್ಷ್ಯಗಳಲ್ಲಿ ಪ್ರಯೋಗಾಲಯದ ಕಾಗದವೂ ಒಂದಾಗಿತ್ತು. ಇವಲ್ಲದೆ ಕೊರತೆಯೊಂದು ಮೊದಲಿನಿಂದಲೂ ಇತ್ತು: ಪತ್ತೇದಾರರ ಹತಾಶೆಗೆ ಚಿತ್ರ ಕೊಟ್ಟಷ್ಟು ಜಾಗವನ್ನು ಸತ್ತ ಹೆಣ್ಣುಮಕ್ಕಳ ಬದುಕಿಗೆ ಕೊಡಲಿಲ್ಲ, ಅವರು ಯಾರು, ಅವರ ಮನೆಗಳಲ್ಲಿ ಏನಾಯಿತು ಎಂಬುದು ಬಹುಮಟ್ಟಿಗೆ ಚೌಕಟ್ಟಿನ ಹೊರಗೇ ಉಳಿಯಿತು.

ಇದರಿಂದ ಚಿತ್ರದ ಹಿರಿಮೆ ಕುಗ್ಗುವುದಿಲ್ಲ. ಕೊಲೆಗಾರನಿಗೆ ಮುಖ ಕೊಟ್ಟು ರೋಚಕಗೊಳಿಸುವ ಸುಲಭದ ದಾರಿ ಹಿಡಿಯದೆ, ಹಿಂಸೆಯ ಮೇಲೆ ನಿಂತ ತನಿಖೆ ಸತ್ಯವನ್ನು ತಲುಪಲಾರದೆಂದು ಅದು ಕೊರಿಯಾದ ಜನರ ಮುಂದಿಟ್ಟಿತು. ಹದಿನೇಳು ವರ್ಷಗಳ ನಂತರ ನ್ಯಾಯಾಲಯ ಆ ಮಾತನ್ನೇ ತೀರ್ಪಿನ ಭಾಷೆಯಲ್ಲಿ ಬರೆಯಿತು. ಪ್ರದೇಶಕ್ಕೆ ಅಂಟಿದ ಕಳಂಕವನ್ನು ತೊಡೆಯುವಂತೆ ನಿವಾಸಿಗಳು ಕೇಳಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಪೊಲೀಸರು ಪ್ರಕರಣದ ಹೆಸರಿನಿಂದ ‘ಹ್ವಾಸಂಗ್’ ಅನ್ನು ಕೈಬಿಟ್ಟು ಅಪರಾಧಿಯ ಹೆಸರನ್ನೇ ಇಟ್ಟರು. ಇಂಥ ಚಿತ್ರಗಳನ್ನು ನೋಡುವವರೂ ಅದೇ ಎಚ್ಚರವನ್ನು ಪಾಲಿಸಬೇಕು: ತೆರೆಯ ಮೇಲಿನ ಕಥೆಯನ್ನು ಮೆಚ್ಚಿದ ಮೇಲೆ ಪ್ರಕರಣದ ಮುಂದಿನ ಚರಿತ್ರೆಯನ್ನೂ ಓದಬೇಕು, ಅನ್ಯಾಯಕ್ಕೊಳಗಾದವರ ಪಟ್ಟಿಯಲ್ಲಿ ಸತ್ತವರ ಜೊತೆಗೆ ಸುಳ್ಳು ತಪ್ಪೊಪ್ಪಿಗೆಯ ಭಾರ ಹೊತ್ತು ಬದುಕಿದವರನ್ನೂ ಸೇರಿಸಬೇಕು.