ಕೊತ್ತಂಬರಿಯ ಕಾಡು ದಾಯಾದಿಗಳು

ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಸೀಗೆ ಸೊಪ್ಪು, ಕ್ಯಾರೆಟ್ಟು ಇವೆಲ್ಲಾ ಒಂದೇ ಮನೆತನದ ಗಿಡಗಳು ಅಂದ್ರೆ ನಮ್ಮ ಕಡೆ ಎಷ್ಟೋ ಜನ ನಂಬೋದಿಲ್ಲ. ಸಾರಿಗೆ ಹಾಕೋ ಇಂಗೂ ಇದೇ ಮನೆತನ, ಗದ್ದೆ ಬದುವಿನ ಒಂದೆಲಗವೂ ಇದೇ ಮನೆತನ. ಕೊತ್ತಂಬರಿ ಹೂ ಬಿಟ್ಟಾಗ ಒಂದು ಸಲ ಬಗ್ಗಿ ನೋಡಿ. ದಂಟಿನ ತುದಿಯ ಒಂದೇ ಜಾಗದಿಂದ ಸಣ್ಣ ಸಣ್ಣ ಕಡ್ಡಿಗಳು ಹೊರಟು, ಕೊಡೆ ಬಿಚ್ಚಿದ ಹಾಗೆ ಹರಡಿರುತ್ತವೆ. ಈ ಕೊಡೆ ಹೂವೇ ಈ ಮನೆತನದ ಗುರುತು.

ಈ ಮನೆತನಕ್ಕೆ ಕಾಡಿನಲ್ಲೂ ದಾಯಾದಿಗಳಿದ್ದಾರೆ. ಅಂಥವು ಇರುವ ಒಂದು ಜಾಗ ಆನೆಮಲೆ. ಇವತ್ತಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದಕ್ಷಿಣಕ್ಕೆ, ಪೊಳ್ಳಾಚಿ, ವಾಲ್ಪಾರೈ, ಉಡುಮಲೈಪೇಟೆ ಕಡೆಯ ಬೆಟ್ಟಸಾಲು ಅದು. ನಮಗೂ ಆ ಜಿಲ್ಲೆ ಹೊರಗಿನದಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ತಾಳವಾಡಿ 1979ರವರೆಗೂ ಅದರಲ್ಲೇ ಇತ್ತು, ಆಮೇಲೆ ಈರೋಡು ಜಿಲ್ಲೆಗೆ ಸೇರಿತು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ.

ಆ ಬೆಟ್ಟದ ಗಿಡಗಳು ಪುಸ್ತಕಕ್ಕೆ ಹೇಗೆ ಬಂದವು, ಒಂದು ಗಿಡವನ್ನು 'ಹೊಸದು' ಅಂತ ಯಾರು ಹೇಗೆ ಹೇಳುತ್ತಾರೆ, ಇದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಕಂಪನಿ ಸರ್ಕಾರದ ಕಾಲದಲ್ಲಿ ರಾಬರ್ಟ್ ವೈಟ್ ಅಂತ ಒಬ್ಬ ಡಾಕ್ಟರಿದ್ದರು. ಸ್ಕಾಟ್ಲೆಂಡಿನವರು, 1819ರಲ್ಲಿ ಈ ದೇಶಕ್ಕೆ ಬಂದವರು. 1842ರಿಂದ 1853ರವರೆಗೆ ಕೊಯಮತ್ತೂರಿನಲ್ಲಿದ್ದು, ಅಮೆರಿಕದ ಹತ್ತಿಯನ್ನು ನಮ್ಮ ನೆಲದಲ್ಲಿ ಬೆಳೆಸಿ ನೋಡೋ ಕೆಲಸ ಮಾಡಿದರು. ಹತ್ತಿ ಕಂಪನಿ ಅಂದುಕೊಂಡಷ್ಟು ಕೈಹಿಡಿಯಲಿಲ್ಲ. ಕೈಹಿಡಿದದ್ದು ಗಿಡಗಳ ಪುಸ್ತಕ. ದಕ್ಷಿಣದ ಗಿಡಗಳ ಚಿತ್ರಗಳನ್ನು ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು, ಎರಡು ಸಾವಿರಕ್ಕೂ ಹೆಚ್ಚು ಚಿತ್ರಪಟಗಳು. ಅವುಗಳಿಗೆ ಚಿತ್ರ ಬರೆದವರು ಮಾತ್ರ ನಮ್ಮವರೇ. ಮೊದಲು ರಂಗಯ್ಯ, ಆಮೇಲೆ ಗೋವಿಂದು. ಎಲೆಯ ನರ, ಹೂವಿನ ಎಸಳು, ಕತ್ತರಿಸಿದ ಕಾಯಿಯ ಒಳಗು ಎಲ್ಲಾ ಅವರ ಕೈಯಲ್ಲಿ ಮೂಡಿದ್ದು. ವೈಟ್ ಸಾಹೇಬರು ಒಂದು ಸೀತಾಳೆ ಜಾತಿಯ ಗಿಡಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟರು. ಅದು ದೊಡ್ಡ ಗುಣ. ಆದರೆ ಬೆಟ್ಟ ಹತ್ತಿ ಗಿಡ ಕಿತ್ತು ತಂದ ಕೂಲಿಯವರ ಹೆಸರು, 'ಇದು ಅಲ್ಲಿ ಸಿಗುತ್ತೆ ಸ್ವಾಮಿ' ಅಂತ ದಾರಿ ತೋರಿಸಿದವರ ಹೆಸರು ಯಾವ ಗಿಡಕ್ಕೆ ಬಂತು?

ಕ್ಯಾರೆಟ್ ಮನೆತನದ ಒಂದು ಕಾಡುಗಿಡಕ್ಕೆ ವೈಟ್ ಸಾಹೇಬರು ಹೆರಾಕ್ಲಿಯಮ್ ಪೆಡಾಟಮ್ ಅಂತ ಹೆಸರಿಟ್ಟಿದ್ದರು. ಎಲೆ ಹಕ್ಕಿಯ ಪಾದದಂತೆ ಸೀಳಿರುವುದರಿಂದ ಪೆಡಾಟಮ್. ದಕ್ಷಿಣ ಘಟ್ಟದ ಎತ್ತರದ ಬೆಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದು ಇಲ್ಲ. 1879ರಲ್ಲಿ ಕ್ಲಾರ್ಕ್ ಅನ್ನೋವರು ಇದೇ ಮನೆತನದ ಇನ್ನೊಂದು ಗಿಡಕ್ಕೆ ಆನೆಮಲೆಯ ಹೆಸರನ್ನೇ ಸೇರಿಸಿ ಪ್ಯೂಸಿಡಾನಮ್ ಅನಮಲಯೆನ್ಸೆ ಅಂತ ಕರೆದರು. 1909ರಲ್ಲಿ ಮದ್ರಾಸಿನ ಒಣಗಿಡಗಳ ಭಂಡಾರ ಕೊಯಮತ್ತೂರಿಗೆ ಬಂತು, ಈಗಲೂ ಅಲ್ಲೇ ಇದೆ. 1921ರಲ್ಲಿ ಫಿಷರ್ ಎಂಬ ಅರಣ್ಯಾಧಿಕಾರಿ, ಕೊಯಮತ್ತೂರು ಜಿಲ್ಲೆಗೆ ಸೇರಿದ ಆನೆಮಲೆಯ ಗಿಡಗಳ ಬಗ್ಗೆಯೇ ಒಂದು ಹೊತ್ತಿಗೆ ಪ್ರಕಟಿಸಿದರು.

ಇಷ್ಟಾದ ಮೇಲೂ ಕೆಲಸ ಮುಗಿಯಲಿಲ್ಲ. 1974ರಲ್ಲಿ ಮುಖರ್ಜಿ ಮತ್ತು ಅಮೆರಿಕದ ಕಾನ್ಸ್ಟೆನ್ಸ್ ಎಂಬ ಇಬ್ಬರು, ವೈಟ್ ಹೆಸರಿಟ್ಟ ಆ ಹಕ್ಕಿಪಾದದ ಗಿಡವನ್ನು ಮತ್ತೆ ಪರೀಕ್ಷೆ ಮಾಡಿದರು. ಇದು ಹೆರಾಕ್ಲಿಯಮ್ ಗುಂಪಿಗೆ ಸೇರಿದ್ದಲ್ಲ, ಇದರದ್ದೇ ಬೇರೆ ಕುಲ ಅಂತ ತೀರ್ಮಾನಿಸಿ 'ವನಸುಷವ' ಅಂತ ಹೊಸ ಕುಲದ ಹೆಸರು ಕೊಟ್ಟರು. ನೂರು ವರ್ಷಕ್ಕೂ ಮೇಲೆ ಪರದೇಶದ ಹೆಸರು ಹೊತ್ತ ಗಿಡಕ್ಕೆ ಕಡೆಗೂ 'ವನ' ಅಂತ ನಮ್ಮ ಕಿವಿಗೆ ತಿಳಿಯೋ ಮಾತು ಬಂತು.

ಇವನ್ನೆಲ್ಲಾ ಹೇಗೆ ಬೇರೆ ಬೇರೆ ಅಂತ ಗುರುತಿಸುತ್ತಾರೆ? ಇದು ರೈತರಿಗೆ ಬೇಗ ತಿಳಿಯುತ್ತೆ. ಕೊತ್ತಂಬರಿ ಬಿತ್ತೋ ಮುಂಚೆ ನಾವು ಕಾಳನ್ನು ಕಾಲಲ್ಲಿ ಉಜ್ಜಿ ಎರಡು ಹೋಳು ಮಾಡುತ್ತೇವೆ. ನಾವು ಬೀಜ ಅನ್ನೋದು ನಿಜವಾಗಿ ಕಾಯಿ, ಒಂದೊಂದು ಹೋಳಿನಲ್ಲೂ ಒಂದೊಂದು ಬೀಜ. ಈ ಮನೆತನದ ಎಲ್ಲಾ ಕಾಯಿಯೂ ಹೀಗೇ ಜೋಡಿ. ಹೋಳಿನ ಮೇಲೆ ಏಣುಗಳಿರುತ್ತವೆ, ಸಿಪ್ಪೆಯೊಳಗೆ ಎಣ್ಣೆಯ ಸಣ್ಣ ನಾಳಗಳು. ಜೀರಿಗೆಯ ಘಮ, ಓಮದ ಖಾರ ಅಲ್ಲಿಂದಲೇ ಬರೋದು. ಏಣು ಎಷ್ಟು, ರೆಕ್ಕೆ ಉಂಟೋ ಇಲ್ಲವೋ, ಎಣ್ಣೆನಾಳ ಎಷ್ಟು ಅಂತ ಎಣಿಸಿ ಜಾತಿ ಹೇಳುತ್ತಾರೆ. ಹೂವೊಂದನ್ನೇ ನೋಡಿ ಹೇಳೋದು ಕಷ್ಟ, ಕಾಯಿ ಬೇಕು. ಆದ್ದರಿಂದ ಒಂದೇ ಗಿಡಕ್ಕಾಗಿ ಬೆಟ್ಟವನ್ನು ಎರಡು ಮೂರು ಸಲ ಹತ್ತಬೇಕಾಗುತ್ತೆ.

ಹೊಸದು ಅನ್ನಿಸಿದರೆ ಭಂಡಾರದಲ್ಲಿರೋ ಹಳೆಯ ಒಣಗಿಡಗಳ ಪಕ್ಕ ಇಟ್ಟು ನೋಡಬೇಕು. ಯಾವುದಕ್ಕೂ ಹೊಂದದಿದ್ದರೆ ಅದನ್ನೇ ಮಾದರಿ ಅಂತ ಗೊತ್ತು ಮಾಡಿ, ಸಿಕ್ಕ ಜಾಗ, ಎತ್ತರ, ತಾರೀಖು ಬರೆದು ಭಂಡಾರದಲ್ಲಿ ಇಡಬೇಕು. ಗಿಡದ ವಿವರ ಅಚ್ಚಾಗಬೇಕು. 2011ರ ಕೊನೆವರೆಗೆ ವಿವರಣೆ ಲ್ಯಾಟಿನ್ ಭಾಷೆಯಲ್ಲೇ ಇರಬೇಕಿತ್ತು, ಈಗ ಇಂಗ್ಲಿಷ್ ಆದರೂ ಸರಿ. ಇಷ್ಟು ಎಚ್ಚರ ಯಾಕಪ್ಪಾ ಅಂದ್ರೆ, ಇದೇ ಮನೆತನದಲ್ಲಿ ವಿಷವೂ ಇದೆ. ಗ್ರೀಸ್ ದೇಶದ ಸಾಕ್ರೆಟಿಸನಿಗೆ ಕುಡಿಸಿದ ಹೆಮ್ಲಾಕ್ ಅನ್ನೋ ವಿಷದ ಗಿಡ ಕೊತ್ತಂಬರಿಯ ದಾಯಾದಿಯೇ. ಕಾಡಲ್ಲಿ ಕೊಡೆ ಹೂ ಕಂಡಿತು ಅಂತ ಬಾಯಿಗೆ ಹಾಕಬಾರದು.

'ಹೊಸ ಗಿಡ' ಅನ್ನೋ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ಪುಸ್ತಕಕ್ಕೆ ಹೊಸದು ಸರಿ, ಬೆಟ್ಟಕ್ಕೆ ಹೊಸದಲ್ಲ. ಆನೆಮಲೆಯಲ್ಲಿ ಕಾಡರು, ಮಲಸರು, ಪುಲಯರು, ಮುದುವರು ತಲೆತಲಾಂತರದಿಂದ ಬಾಳಿದ್ದಾರೆ. ಅವರು ಕಾಲಿಟ್ಟ ಕಡೆಯೆಲ್ಲಾ ಆ ಗಿಡಗಳಿದ್ದವು. ಹಾಡುಗಾರನಾದ ನನಗೆ ಇದು ಚೆನ್ನಾಗಿ ತಿಳಿಯುತ್ತೆ. ಮಾದಪ್ಪನ ಕಥೆಯನ್ನು ಯಾರೋ ಬಂದು ಬರೆದುಕೊಂಡು ಹೋದ ದಿನ ಅದು ಹುಟ್ಟಲಿಲ್ಲ. ಆದರೆ ಬರೆದುಕೊಳ್ಳದೇ ಹೋಗಿದ್ದರೆ, ಹಾಡುವವನ ಜೊತೆಗೇ ಎಷ್ಟೋ ಸಾಲು ಮಣ್ಣಾಗುತ್ತಿದ್ದವು. ಎರಡೂ ನಿಜ. ಗಿಡಕ್ಕೂ ಇದೇ ನ್ಯಾಯ. ಹತ್ತೊಂಬತ್ತನೇ ಶತಮಾನದ ಕೊನೆಗೆ ವಾಲ್ಪಾರೈ ಕಡೆ ಕಾಡು ಕಡಿದು ಕಾಫಿ, ಟೀ ತೋಟ ಮಾಡಿದರು. ಯಾರೂ ಹೆಸರು ಬರೆದಿಡದ ಗಿಡವೊಂದು ಅಲ್ಲಿ ಇದ್ದು ಹೋಗಿದ್ದರೆ, ಹೋಯಿತು ಅಂತ ಹೇಳೋಕೂ ಈಗ ಯಾರಿಂದಲೂ ಆಗೋದಿಲ್ಲ.

ಪುಸ್ತಕದವರು ಲ್ಯಾಟಿನ್ ಹೆಸರು ಬರೆದರು, ಜಾಗ ಬರೆದರು. ಊರವರ ಹೆಸರಿನ ಜಾಗ ಎಷ್ಟೋ ಕಡೆ ಖಾಲಿ ಉಳಿಯಿತು. ಅದನ್ನು ತುಂಬೋ ಕೆಲಸ ನಮ್ಮದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಊರೂರಿನ ಗಿಡಮರ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರೋ ತಿಳುವಳಿಕೆ ಎಲ್ಲಾ ಬರೆದಿಡೋ ದಾಖಲೆ ಪುಸ್ತಕ ಪಂಚಾಯ್ತಿ ಮಟ್ಟದಲ್ಲಿ ಇರಬೇಕು. ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ವಯಸ್ಸಾದವರ ಹತ್ತಿರ ಹೋಗಲಿ. ಕಾಡಿನಿಂದ ಏನೂ ಕೀಳುವುದು ಬೇಡ. ಗಿಡದ ಹೆಸರು, ಅದು ಹೂ ಬಿಡೋ ತಿಂಗಳು, ಕಾಯಿ ಕಟ್ಟೋ ತಿಂಗಳು, ಏನಕ್ಕೆ ಆಗುತ್ತೆ, ಇಷ್ಟು ಬರೆದರೆ ಸಾಕು. ಕೆಳಗೆ ಹೇಳಿದವರ ಹೆಸರನ್ನೂ ತಪ್ಪದೆ ಬರೆಯಲಿ.