ಬಿಚ್ಚಿದರೆ ರೋಬೋಟ್, ಮಡಚಿದರೆ ಲಾರಿ

ಜಪಾನಿನ ಟಕಾರಾ ಕಂಪನಿಯ ಇಂಥ ಆಟಿಕೆಗಳನ್ನು ಅಮೆರಿಕದ ಹ್ಯಾಸ್‌ಬ್ರೊ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಹೆಸರಿನಲ್ಲಿ ಮಾರಿತು. ಕಾರ್ಟೂನು ಬಂದದ್ದೂ ಅದೇ ವರ್ಷ. ನಮ್ಮೂರಿನ ಹುಡುಗರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಜಾತ್ರೆ ಅಂಗಡಿಯ ನಕಲು: ನಾಲ್ಕು ಸಲ ತಿರುಗಿಸಿದರೆ ತೋಳಿನ ಕೀಲು ಸಡಿಲ, ಆಮೇಲೆ ಫೆವಿಕ್ವಿಕ್ಕೇ ಗತಿ. ಅಂಟು ಹಾಕಿದ ಮೇಲೆ ಲಾರಿ ಲಾರಿಯಾಗಿಯೇ ಉಳಿಯಿತು ಅನ್ನಿ.

2007ರಲ್ಲಿ ಮೈಕೆಲ್ ಬೇ ಟ್ರಾನ್ಸ್‌ಫಾರ್ಮರ್ಸ್ ಕಥೆಯನ್ನು ಸಿನಿಮಾ ಮಾಡಿದಾಗ ನಾಯಕ ರೋಬೋಟ್ ಆಪ್ಟಿಮಸ್ ಪ್ರೈಮ್‌ನ ಚಪ್ಪಟೆ ಮೂತಿ ಹೋಗಿ ಉದ್ದ ಮೂತಿಯ ಪೀಟರ್‌ಬಿಲ್ಟ್ ಲಾರಿ ಬಂತು. ಪುಟ್ಟ ಹಳದಿ ಬೀಟಲ್ ಆಗಿದ್ದ ಬಂಬಲ್‌ಬೀ, ಕಮಾರೊ ಕಾರಾಯಿತು. ಹೊಡೆದಾಟದಲ್ಲಿ ಯಾರ ಕೈ, ಯಾರ ಕಾಲು ಎಂದು ಗುರುತು ಹತ್ತದಷ್ಟು ಬಿಡಿಭಾಗ! ಪ್ರೈಮ್‌ನ ದನಿಯೊಂದು ಹಳೆಯದೇ, ಪೀಟರ್ ಕಲೆನ್ ಅವರದು. ದುಡ್ಡಿಗೇನೂ ಬರ ಬರಲಿಲ್ಲ. 2014ರ ನಾಲ್ಕನೇ ಚಿತ್ರ ನೂರು ಕೋಟಿ ಡಾಲರ್ ದಾಟಿತು. ಬಂಬಲ್‌ಬೀ ತೆರೆಯ ಮೇಲೆ ಬೀಟಲ್ ಆಗಲು 2018ರ ‘ಬಂಬಲ್‌ಬೀ’ ಚಿತ್ರದವರೆಗೆ ಕಾಯಬೇಕಾಯಿತು.