ಪುಟ್ಟ ಟ್ಯಾಂಕುಗಳ ಬಣ್ಣದ ಚರಿತ್ರೆ

ಪ್ಲಾಸ್ಟಿಕ್ ಟ್ಯಾಂಕ್ ಮಾದರಿಗಳ ಚರಿತ್ರೆಯನ್ನು ನಿಖರತೆಯತ್ತ ಸಾಗಿದ ಏರುದಾರಿಯಂತೆ ಹೇಳುವುದು ರೂಢಿ. ಮೊದಲು ಒರಟು ಆಟಿಕೆ, ಆಮೇಲೆ ಅಳತೆಗೆ ತಕ್ಕ ಮಾದರಿ, ಈಗ ಒಂದೊಂದು ಬೋಲ್ಟಿನ ಲೆಕ್ಕವೂ ತಪ್ಪದ ಪ್ರತಿಕೃತಿ. ಆಕಾರದ ಮಟ್ಟಿಗೆ ಈ ಕಥೆ ಸರಿ. ಬಣ್ಣಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಮಾದರಿಯೊಂದರ ಬಣ್ಣ ನೋಡಿದರೆ ಆ ಟ್ಯಾಂಕು ಯಾವ ವರ್ಷ ರಣರಂಗಕ್ಕೆ ಇಳಿಯಿತೆಂಬುದಕ್ಕಿಂತ ಮಾದರಿಗಾರ ಯಾವ ದಶಕದಲ್ಲಿ ಕುಂಚ ಹಿಡಿದನೆಂಬುದೇ ಹೆಚ್ಚು ಖಚಿತವಾಗಿ ತಿಳಿಯುತ್ತದೆ. ಈ ಹವ್ಯಾಸದ ಬಣ್ಣಗಾರಿಕೆಯನ್ನು ಚಿತ್ರಕಲೆಯ ಪಂಥಗಳ ಹಾಗೆ ಓದಬೇಕೆಂಬುದು ನನ್ನ ವಾದ.

ಆಕಾರದ ಕಥೆಯಲ್ಲೂ ಆರಂಭ ಆಕಸ್ಮಿಕವೇ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಆಟದ ರೈಲಿನ ಅಳತೆಗೆ ಹೊಂದಿಸಿ 1/76 ಪ್ರಮಾಣ ಹಿಡಿಯಿತು. ಜಪಾನಿನ ಶಿಜುವೊಕಾದಲ್ಲಿ ಮರದ ವ್ಯಾಪಾರದಿಂದ ಶುರುವಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಾಗ, ಒಳಗೆ ಬ್ಯಾಟರಿ, ಮೋಟಾರು ಕೂರಬೇಕಾಗಿತ್ತು. ಅದಕ್ಕೆ ಬೇಕಾದ ಗಾತ್ರವನ್ನು ಲೆಕ್ಕ ಹಾಕಿದರೆ ಸುಮಾರು 1/35 ಬಂತು. ಇಂದು ಜಗತ್ತಿನ ಟ್ಯಾಂಕ್ ಮಾದರಿಗಳಿಗೆ ಅದೇ ಪ್ರಧಾನ ಅಳತೆ. 1968ರಲ್ಲಿ ಅದೇ ಪ್ರಮಾಣದ ಸೈನಿಕರ ಗೊಂಬೆಗಳೂ ಬಂದವು. ಮಾದರಿ ಓಡಾಡುವುದನ್ನು ಬಿಟ್ಟು ದೃಶ್ಯದೊಳಗೆ ನಿಲ್ಲತೊಡಗಿತು. ಅಮೆರಿಕದಲ್ಲಿ ಶೆಪರ್ಡ್ ಪೇನ್ 1970ರ ದಶಕದಲ್ಲಿ ಮೋನೊಗ್ರಾಮ್ ಕಂಪನಿಯ ಕಿಟ್‌ಗಳ ಜತೆ ಬರುತ್ತಿದ್ದ ಕರಪತ್ರಗಳ ಮೂಲಕ ಇಂಥ ಪುಟ್ಟ ದೃಶ್ಯಗಳನ್ನು, ಅಂದರೆ ಡಯೊರಾಮಾಗಳನ್ನು, ಕಟ್ಟುವುದನ್ನು ಮನೆಮನೆಗೆ ಕಲಿಸಿದರು. ನಿಂತ ವಸ್ತುವನ್ನು ಕಣ್ಣು ಹೆಚ್ಚು ಹೊತ್ತು ನೋಡುತ್ತದೆ; ಬಣ್ಣದ ಪ್ರಶ್ನೆ ಗಂಭೀರವಾದದ್ದು ಆಗಲೇ.

ಬೆಲ್ಜಿಯಂನ ಫ್ರಾನ್ಸ್ವಾ ವೆರ್ಲಿಂಡೆನ್ ಜನಪ್ರಿಯಗೊಳಿಸಿದ ಶೈಲಿಯಲ್ಲಿ ತೆಳುಮಾಡಿದ ಕಡುಗಂದು ಬಣ್ಣವನ್ನು ಸಂದುಗೊಂದುಗಳಿಗೆ ಹರಿಸಿ, ಬಣ್ಣ ಒರೆಸಿದ ಒಣ ಕುಂಚದಿಂದ ಅಂಚುಗಳನ್ನು ತಿಳಿಗೊಳಿಸುತ್ತಿದ್ದರು. 1980ರ ದಶಕದ ಮಾದರಿಗಳಲ್ಲಿ ಪ್ರತಿ ಅಂಚೂ ಸುಣ್ಣ ಸವರಿದಂತೆ ಹೊಳೆಯುವುದು ಇದರಿಂದಲೇ. 2000ದ ನಂತರ ಸ್ಪೇನಿನವರ ಸರದಿ. ಮಿಗ್ ಎಂದೇ ಹೆಸರಾದ ಮಿಗೆಲ್ ಹಿಮೆನೆಸ್ ಮತ್ತು ಸಂಗಡಿಗರು ಧೂಳಿಗೆ ಒಣ ವರ್ಣಪುಡಿ ಬಳಸಿದರು, ಒಂದೊಂದು ಫಲಕವನ್ನೂ ಕತ್ತಲಿಂದ ಬೆಳಕಿಗೆ ಏರುವ ಛಾಯೆಗಳಲ್ಲಿ ಚಿತ್ರಿಸಿದರು. ತಲೆಗೂದಲಿಗೆ ಹಾಕುವ ಸ್ಪ್ರೇಯೂ ಮೇಜಿಗೆ ಬಂತು: ಅದರ ಪದರದ ಮೇಲೆ ಆಕ್ರಿಲಿಕ್ ಬಳಿದು, ಒದ್ದೆ ಕುಂಚದಿಂದ ಉಜ್ಜಿದರೆ ಕೆಳಗಿನ ಪದರ ಕರಗಿ ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಈ ಕೈಚಳಕಗಳೆಲ್ಲ ಬೇಗನೆ ಬಾಟಲಿಗಳಲ್ಲಿ ಮಾರಾಟಕ್ಕೂ ಬಂದವು. ಅಂಗಡಿಯಲ್ಲಿ ಸಿಗುವ ಬಾಟಲಿಯೇ ಶೈಲಿಯನ್ನು ಹರಡುವುದು ಈ ಕ್ಷೇತ್ರದ ವೈಶಿಷ್ಟ್ಯ, ಸ್ವಲ್ಪ ಮಟ್ಟಿಗೆ ಅದರ ದೌರ್ಬಲ್ಯವೂ ಹೌದು.

ಬಣ್ಣದ ವಿಷಯದಲ್ಲೂ ಸಂಶೋಧನೆ ಮುಂದುವರಿದಿಲ್ಲವೇ ಎಂದು ಆಕ್ಷೇಪಿಸಬಹುದು. ಮುಂದುವರಿದಿದೆ. ಎರಡನೇ ಮಹಾಯುದ್ಧದ ಮೊದಲ ವರ್ಷದ ಜರ್ಮನ್ ಟ್ಯಾಂಕುಗಳಿಗೆ ಬಹುಕಾಲ ಬರೀ ಕಡುಬೂದಿ ಬಣ್ಣ ಬಳಿಯುತ್ತಿದ್ದರು. ಅದರ ಮೇಲೆ ಕಡುಗಂದಿನ ಪಟ್ಟೆಗಳೂ ಇದ್ದವೆಂದು ದಾಖಲೆಗಳಿಂದ ತಿಳಿಯಿತು. ಎರಡೂ ಕಡುಬಣ್ಣಗಳಾದ್ದರಿಂದ ಕಪ್ಪುಬಿಳುಪು ಫೋಟೋಗಳಲ್ಲಿ ಒಂದಾಗಿ ಕಾಣುತ್ತಿದ್ದವು. ಆದರೆ ಅದೇ ದಾಖಲೆಗಳು ಖಚಿತ ಛಾಯೆಯ ಹಂಬಲಕ್ಕೆ ಮಿತಿಯನ್ನೂ ಹಾಕುತ್ತವೆ. 1943ರ ಫೆಬ್ರವರಿಯ ಆದೇಶದ ನಂತರ ಕಾರ್ಖಾನೆಯಿಂದ ಕಡುಹಳದಿ ಬಣ್ಣದಲ್ಲಿ ಬಂದ ಟ್ಯಾಂಕಿಗೆ ಹಸಿರು, ಕಂದು ಪಟ್ಟೆ ಹಾಕುವ ಕೆಲಸ ಸೈನಿಕರದ್ದಾಯಿತು. ಅವರು ಗಟ್ಟಿ ಬಣ್ಣವನ್ನು ನೀರಿನಲ್ಲೋ ಪೆಟ್ರೋಲಿನಲ್ಲೋ ಕಲಸಿ ಸಿಂಪಡಿಸುತ್ತಿದ್ದರು. ಎಷ್ಟು ಕಲಸಿದರೆ ಅಷ್ಟು ಛಾಯೆ. ಯಾವ ಬಣ್ಣ, ಎಲ್ಲಿ ಎಂಬುದನ್ನು ದಾಖಲೆ ಹೇಳೀತು. ಬಿಸಿಲಲ್ಲಿ ಅದು ಹೇಗೆ ಕಂಡಿತೆಂಬುದನ್ನು ಮಾದರಿಗಾರನೇ ಊಹಿಸಬೇಕು.

ಹಾಗಾದರೆ ಫಲಕಕ್ಕೆ ಕೃತಕ ಬೆಳಕು ಬಳಿಯುವುದು ಸುಳ್ಳಲ್ಲವೇ? ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ಕಂಡವರಿಗೆ ಉತ್ತರ ಗೊತ್ತು. ದೀಪದ ಬೆಳಕಿನಲ್ಲಿ, ದೂರದ ಪ್ರೇಕ್ಷಕನಿಗೆ ಆ ಮುಖ ತಲುಪಬೇಕು. ಅಂಗೈಯಗಲದ ಟ್ಯಾಂಕಿನ ಮೇಲೆ ಕೋಣೆಯ ಬೆಳಕು ಹತ್ತಾರು ಟನ್ನಿನ ಉಕ್ಕಿನ ನೆರಳನ್ನು ಮೂಡಿಸಲಾರದು. ಉತ್ಪ್ರೇಕ್ಷೆ ಇಲ್ಲಿ ಅನಿವಾರ್ಯ. ಆದರೆ ಕೆಲವೇ ತಿಂಗಳು ಬಾಳಿದ ಯಂತ್ರಕ್ಕೆ ಇಪ್ಪತ್ತು ವರ್ಷದ ತುಕ್ಕು ಹಿಡಿಸುವುದು ಕೇವಲ ಚಪಲ.

ಇನ್ನೊಂದು ಆಕ್ಷೇಪ ಹೆಚ್ಚು ಭಾರದ್ದು: ಈ ಹವ್ಯಾಸ ನಾಜಿ ಯಂತ್ರಗಳನ್ನು ಮೆರೆಸುತ್ತದೆ ಎಂಬುದು. ಯಂತ್ರದ ಮೇಲಷ್ಟೇ ಆಸಕ್ತಿ, ರಾಜಕೀಯದ ಮೇಲಲ್ಲ ಎಂಬ ಸಿದ್ಧ ಉತ್ತರ ನನಗೆ ಸಾಲದು. ಯುದ್ಧದಲ್ಲಿ ಜರ್ಮನಿಯ ಟೈಗರ್-1 ಟ್ಯಾಂಕುಗಳು ತಯಾರಾದದ್ದು ಸುಮಾರು 1,350. ಅಮೆರಿಕದ ಶರ್ಮನ್ ಟ್ಯಾಂಕುಗಳೋ ಹೆಚ್ಚುಕಡಿಮೆ 50,000. ಅಂಗಡಿಯ ಕಪಾಟಿನಲ್ಲಿ ಈ ಅನುಪಾತ ಕಾಣುವುದೇ ಇಲ್ಲ. ದಂತಕಥೆಯ ಆಕರ್ಷಣೆ ಒಂದು ಕಾರಣ. ಮೂರು ಬಣ್ಣದ ಜರ್ಮನ್ ಪಟ್ಟೆಗಳು ಕುಂಚಕ್ಕೆ ಕೊಡುವ ಅವಕಾಶ ಇನ್ನೊಂದು. ಹಾಗೆ ನೋಡಿದರೆ ಸ್ಪೇನಿನವರ ಛಾಯಾತಂತ್ರ ಮಾಡಿದ ದೊಡ್ಡ ಉಪಕಾರ ಅವರು ಉದ್ದೇಶಿಸಿದ್ದಕ್ಕಿಂತ ಬೇರೆಯೇ ಇರಬಹುದು: ಒಂದೇ ಹಸಿರಿನ ಶರ್ಮನ್, ಸೋವಿಯತ್ ಟಿ-34 ಟ್ಯಾಂಕುಗಳನ್ನೂ ಅದು ಚಿತ್ರಿಸಲು ಯೋಗ್ಯವಾದ ವಸ್ತುಗಳನ್ನಾಗಿ ಮಾಡಿತು.